ಗುಟ್ಕಾ, ಮಿಶ್ರಿ ಬಳಸುವವರು ಮುಂದೆ ಸಿಗರೇಟು ಸೇದುತ್ತಾರೆಯೇ? ಮುಂಬೈ ಸಮೀಕ್ಷೆ ಹೇಳುವುದೇನು?

ಗುಟ್ಕಾ, ಖೈನಿ, ಜರ್ದಾ, ಮಿಶ್ರಿ, ಕಡ್ಡಿಪುಡಿ ಇವೆಲ್ಲ ಹೊಗೆರಹಿತ ತಂಬಾಕಿನ ಬಗೆಗಳು. ಇವುಗಳ ಅಭ್ಯಾಸ ಮುಂದೆ ಸಿಗರೇಟು ಚಟಕ್ಕೆ ದಾರಿಯಾಗುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಮುಂಬೈನಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಅಂಕಿ-ಅಂಶಗಳು ಇದಕ್ಕೆ ಸರಳ ಉತ್ತರವಿಲ್ಲ ಎಂಬುದನ್ನು ತೋರಿಸುತ್ತವೆ.

ಮನೆಮನೆ ಸಮೀಕ್ಷೆ

1990ರ ದಶಕದ ಆರಂಭದಲ್ಲಿ ಸಂಶೋಧಕ ಪ್ರಕಾಶ್ ಸಿ. ಗುಪ್ತಾ ಅವರ ನೇತೃತ್ವದಲ್ಲಿ ಮುಂಬೈನ 35 ವರ್ಷ ಮೇಲ್ಪಟ್ಟ 99,598 ಮಂದಿಯಿಂದ ಮಾಹಿತಿ ಸಂಗ್ರಹಿಸಲಾಯಿತು. ಇದರ ವರದಿ 1996ರಲ್ಲಿ ಪ್ರಕಟವಾಯಿತು.

ಮಹಿಳೆಯರಲ್ಲಿ ಶೇ. 57.5ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಆದರೆ ಧೂಮಪಾನ ಮಾಡುತ್ತಿದ್ದವರು ಶೇ. 0.4 ಮಾತ್ರ. ಹೆಚ್ಚಿನವರು ಬಳಸುತ್ತಿದ್ದುದು ಮಿಶ್ರಿ, ಅಂದರೆ ಹುರಿದು ಪುಡಿ ಮಾಡಿ ಹಲ್ಲು, ವಸಡಿಗೆ ಉಜ್ಜುವ ತಂಬಾಕು.

ಪುರುಷರಲ್ಲಿ ಶೇ. 69.3ರಷ್ಟು ಮಂದಿ ತಂಬಾಕು ಬಳಸುತ್ತಿದ್ದರೆ, ಶೇ. 23.6ರಷ್ಟು ಮಂದಿ ಬೀಡಿ ಅಥವಾ ಸಿಗರೇಟು ಸೇದುತ್ತಿದ್ದರು. ಹೀಗೆ ಸೇದುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊಗೆರಹಿತ ತಂಬಾಕನ್ನೂ ಬಳಸುತ್ತಿದ್ದರು.

ಇದರ ಅರ್ಥವೇನು?

ಜಗಿಯುವ ಅಭ್ಯಾಸವೊಂದೇ ಸಿಗರೇಟಿನತ್ತ ಒಯ್ಯುವುದಾಗಿದ್ದರೆ ಮಹಿಳೆಯರಲ್ಲೂ ಧೂಮಪಾನ ಹೆಚ್ಚಿರಬೇಕಿತ್ತು. ಹೆಣ್ಣುಮಕ್ಕಳು ಬೀಡಿ, ಸಿಗರೇಟು ಸೇದುವುದನ್ನು ಸಮಾಜ ಒಪ್ಪುವುದಿಲ್ಲ. ಮಿಶ್ರಿಗೆ ಆ ಅಡ್ಡಿ ಇರಲಿಲ್ಲ. ಗಂಡಸರಿಗೆ ಎರಡೂ ಮುಕ್ತವಾಗಿದ್ದವು. ನಿಕೋಟಿನ್ ಎರಡರಲ್ಲೂ ಇರುವುದರಿಂದ ಒಂದರ ಚಟ ಇರುವವರಿಗೆ ಇನ್ನೊಂದು ಬೇಗ ಒಗ್ಗುತ್ತದೆ. ಸೇದಲು ಅವಕಾಶವಿಲ್ಲದ ರೈಲು, ಕಚೇರಿಗಳಲ್ಲಿ ಜಗಿಯುವ ತಂಬಾಕು ಚಟವನ್ನು ಜೀವಂತವಾಗಿಡುತ್ತದೆ.

ಆದರೆ ಯಾವ ಅಭ್ಯಾಸ ಮೊದಲು ಅಂಟಿತು ಎಂಬುದು ಒಂದೇ ಬಾರಿ ಕೇಳಿದ ಪ್ರಶ್ನೆಗಳಿಂದ ಖಚಿತವಾಗುವುದಿಲ್ಲ. 35 ದಾಟಿದವರ ಸಮೀಕ್ಷೆಯಾದ್ದರಿಂದ ಹದಿಹರೆಯದವರ ಬಗ್ಗೆಯೂ ಇದರಿಂದ ತೀರ್ಮಾನಕ್ಕೆ ಬರಲಾಗದು.

ಮಹಾರಾಷ್ಟ್ರ ಮತ್ತು ಕರ್ನಾಟಕ

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಶೇ. 24.4 ವಯಸ್ಕರು ಹೊಗೆರಹಿತ ತಂಬಾಕು ಬಳಸುತ್ತಿದ್ದರು, ಶೇ. 3.8 ಮಂದಿ ಧೂಮಪಾನ ಮಾಡುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 16.3 ಮತ್ತು ಶೇ. 8.8. ಜಗಿಯುವವರು ಹೆಚ್ಚಿರುವ ಕಡೆ ಸೇದುವವರೂ ಹೆಚ್ಚಿರಬೇಕೆಂದಿಲ್ಲ.

ಹೊಗೆ ಇಲ್ಲದಿದ್ದರೂ ಅಪಾಯ

ಸಿಗರೇಟಿಗೆ ದಾರಿಯಾಗದಿದ್ದರೆ ಗುಟ್ಕಾ, ಮಿಶ್ರಿ ಸುರಕ್ಷಿತ ಎಂದಲ್ಲ. ಮುಂಬೈನಲ್ಲಿ ಇದೇ ಜನರನ್ನು ಮತ್ತೆ ಭೇಟಿ ಮಾಡಿ ನಡೆಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ತಂಬಾಕು ಬಳಸದ ಮಹಿಳೆಯರಿಗೆ ಹೋಲಿಸಿದರೆ ಹೊಗೆರಹಿತ ತಂಬಾಕು ಬಳಸುವ ಮಹಿಳೆಯರಲ್ಲಿ ಸಾವಿನ ಪ್ರಮಾಣ ಶೇ. 35ರಷ್ಟು ಹೆಚ್ಚಿತ್ತು. ಪುರುಷರಲ್ಲಿ ಈ ಹೆಚ್ಚಳ ಶೇ. 22. ಹೊಗೆರಹಿತ ತಂಬಾಕು ಬಾಯಿ, ಅನ್ನನಾಳ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕಾರಣ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ.

ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿವೆ. ಸಿಗರೇಟು ಬಿಡಲು ಗುಟ್ಕಾ ಹಿಡಿದರೆ ಬದಲಾಗುವುದು ತಂಬಾಕಿನ ರೂಪ ಮಾತ್ರ, ಚಟ ಹಾಗೇ ಉಳಿಯುತ್ತದೆ. ಯಾವುದೇ ಬಗೆಯ ತಂಬಾಕು ಬಿಡಲು ಬಯಸುವವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.