ಹೊಲದ ಮೇಲೆ ಹಾರುವ ಕಸುಬು



ಜಮೀನು ಊರಿನಲ್ಲಿ, ನೌಕರಿ ಇಲ್ಲಿ. ನಮ್ಮಲ್ಲಿ ಅನೇಕರ ಬದುಕು ಹೀಗೆ ಎರಡು ಕಡೆ ಹಂಚಿಹೋಗಿದೆ. ಆದ್ದರಿಂದ ಬೇಸಾಯವನ್ನೂ ವಿಮಾನವನ್ನೂ ಬೆಸೆದ ಒಂದು ಕಸುಬಿನ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

1921ರ ಆಗಸ್ಟ್ 3ರಂದು ಒಹಾಯೋದ ಟ್ರಾಯ್ ಊರಿನ ಬಳಿ ಸೇನೆಯ ಪೈಲಟ್ ಜಾನ್ ಮೆಕ್‌ರೆಡಿ ಕಟಾಲ್ಪಾ ಮರಗಳ ತೋಪಿನ ಪಕ್ಕ ತಗ್ಗಿನಲ್ಲಿ ಹಾರಿದರು. ಎಲೆ ತಿನ್ನುತ್ತಿದ್ದ ಹುಳುಗಳ ಮೇಲೆ ಸೀಸದ ಆರ್ಸೆನೇಟ್ ಪುಡಿ ಬಿತ್ತು. ಪುಡಿಯ ಪೆಟ್ಟಿಗೆಯನ್ನು ರೂಪಿಸಿದವರು ಎಟಿಯನ್ ಡೋರ್ಮೋಯ್. ಮೊದಲ ದಿನದಿಂದಲೂ ಇದು ಪೈಲಟ್ ಒಬ್ಬರದೇ ಕೆಲಸವಲ್ಲ.

ಮುಂದೆ ಹತ್ತಿಯ ಮೂತಿಹುಳುವಿನ ಕಾಟ ಈ ಪ್ರಯೋಗವನ್ನು ಉದ್ಯಮವಾಗಿಸಿತು. 1925ರಲ್ಲಿ ಲೂಸಿಯಾನಾದ ಮನ್ರೋ ಪಟ್ಟಣಕ್ಕೆ ಬಂದ ಹಫ್ ಡಾಲಂಡ್ ಡಸ್ಟರ್ಸ್ ಕಂಪನಿಯೇ 1928ರಲ್ಲಿ ಡೆಲ್ಟಾ ಏರ್ ಸರ್ವಿಸ್ ಆಯಿತು. ನಾವು ಊರಿಗೆ ಹೋಗುವಾಗ ಹತ್ತುವ ಡೆಲ್ಟಾ ವಿಮಾನದ ಮೂಲ ಹತ್ತಿ ಹೊಲದಲ್ಲಿದೆ!

ಅಮೆರಿಕದಲ್ಲಿ ಕೂಲಿಗೆ ಸಿಂಪಡಿಸುವ ಪೈಲಟ್‌ಗೆ ಇಂದು ವಾಣಿಜ್ಯ ಲೈಸೆನ್ಸ್ ಬೇಕು. ಔಷಧಿಯ ವಿಷಗುಣ, ಅದನ್ನು ಬಳಸುವ ಬಗೆ, ವಿಷ ತಗುಲಿದವರ ಲಕ್ಷಣ ತಿಳಿದಿರಬೇಕು. ಹೊಲದ ಅಂಚಿನ ವಿದ್ಯುತ್ ತಂತಿ, ಔಷಧಿಯನ್ನು ಪಕ್ಕದ ಬೆಳೆಗೆ ಒಯ್ಯುವ ಗಾಳಿ, ಎರಡರ ಮೇಲೂ ಕಣ್ಣಿರಬೇಕು. ಇಷ್ಟಾದರೂ ಲೈಸೆನ್ಸ್ ಕೈಗೆ ಬಂದೊಡನೆ ಕೆಲಸ ಸಿಗುವುದು ಕಷ್ಟ. ಅನುಭವವಿಲ್ಲದವರಿಗೆ ವಿಮೆಯೇ ದುಬಾರಿ. ಹಾಗಾಗಿ ಅನೇಕರು ಮೊದಲು ನೆಲದ ಮೇಲೆ ಔಷಧಿ ಬೆರೆಸುತ್ತಾ, ವಿಮಾನಕ್ಕೆ ತುಂಬುತ್ತಾ ಹಂಗಾಮು ಕಳೆಯುತ್ತಾರೆ. ಅದೇ ಅವರ ಗುರುಕುಲ.

ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ‘ಬಸಂತ್’ ಎಂಬ ಕೃಷಿ ವಿಮಾನ ಕಟ್ಟಿತ್ತು. 1972ರಲ್ಲಿ ಅದರ ಸುಧಾರಿತ ಮಾದರಿ ಹಾರಿತು. ಮೂವತ್ತೊಂಬತ್ತು ತಯಾರಾಗಿ, 1980ರಲ್ಲಿ ನಿಂತಿತು. ದೇಶದ ಸರಾಸರಿ ಹಿಡುವಳಿ 2015-16ರ ಗಣತಿಯಲ್ಲಿ ಕೇವಲ 1.08 ಹೆಕ್ಟೇರ್. ಇಂಥ ತುಂಡು ಹೊಲಗಳ ಮೇಲೆ ವಿಮಾನ ತಿರುಗಿಸುವುದು ಸುಲಭವಲ್ಲ. ಡ್ರೋನ್‌ಗೆ ಆ ತೊಂದರೆಯಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆ ಪ್ರಕಟಿಸಿತು; ಅದರಲ್ಲಿ ಹಾರಿಸುವ ತರಬೇತಿಯ ಜೊತೆಗೆ ಸಿಂಪಡಣೆಯ ತರಬೇತಿಯೂ ಸೇರಿದೆ.

ಊರಿನ ತಮ್ಮನೋ ತಂಗಿಯ ಮಗಳೋ ಈ ದಾರಿ ಹಿಡಿಯುತ್ತೇನೆಂದರೆ, ಯಂತ್ರಕ್ಕೆ ಹಣ ಕಳಿಸುವ ಮೊದಲು ಒಂದು ಮಾತು ಕೇಳಿ: ಔಷಧಿ ಬೆರೆಸುವುದನ್ನು ಯಾರ ಬಳಿ ಕಲಿಯುತ್ತೀ? ನೂರು ವರ್ಷದ ಈ ಕಸುಬಿನಲ್ಲಿ ಕಲಿಕೆ ಶುರುವಾಗುವುದು ನೆಲದ ಮೇಲೆಯೇ.