ವೈರ ಮರೆಸಲು ವಾದ್ಯಮೇಳ: ಮೈಸೂರು ಮಹಾರಾಜರು ನೆರವಾದ ಒಂದು ಲಂಡನ್ ಕಛೇರಿ

ಮರಳೂರು ಇಂದು ತುಮಕೂರು ನಗರದ ಭಾಗ. ಸ್ವಾತಂತ್ರ್ಯ ಬರುವವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲವೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರು (1919-1974), ಯುದ್ಧದಲ್ಲಿ ಕಾದಾಡಿದ ದೇಶಗಳ ಕಲಾವಿದರು ಒಂದೇ ವೇದಿಕೆಯಲ್ಲಿ ಸೇರಲು ಹೇಗೆ ಕಾರಣರಾದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಆ ಮಾಹಿತಿಯನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಉತ್ಸವದ ರಾತ್ರಿ ಚಿತ್ರಗೀತೆ ಹಾಡುವ ತಂಡ. ಇಲ್ಲಿ ಹೇಳುತ್ತಿರುವುದು ಪಿಟೀಲು, ಕೊಳಲು, ಕಹಳೆ, ನಗಾರಿ ಮುಂತಾದ ವಾದ್ಯಗಳ ಹತ್ತಾರು ಕಲಾವಿದರು ಒಬ್ಬ ನಿರ್ದೇಶಕನ ಕೈಸನ್ನೆಯಂತೆ ನುಡಿಸುವ ಪಾಶ್ಚಾತ್ಯ ವಾದ್ಯಮೇಳದ ಬಗ್ಗೆ. ಇಂಥದ್ದು ಮೈಸೂರಿಗೆ ಹೊಸದೇನಲ್ಲ. ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡ್ ಇತ್ತು; ಜರ್ಮನಿಯ ಒಟ್ಟೋ ಶ್ಮಿಡ್ಟ್ ಅದನ್ನು ನಡೆಸಿದ್ದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಫೆಲೊ. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ 94 ಕೃತಿಗಳನ್ನು ರಚಿಸಿದವರೂ ಅವರೇ.

ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯಮೇಳವನ್ನು 1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದರು. ಮೇಳ ನಿಲ್ಲಲು ಹಣ ಬೇಕಿತ್ತು. ಲೆಗ್ ಮೈಸೂರಿಗೆ ಬಂದು ಮಹಾರಾಜರ ಧ್ವನಿಮುದ್ರಿಕೆಗಳ ಸಂಗ್ರಹ ಕಂಡು ಬೆರಗಾದರು. ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರೆಂದು ಲೆಗ್ ಬರೆದಿದ್ದಾರೆ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಮಹಾರಾಜರೇ ಹಣ ಕೊಟ್ಟರು. ಮೆಡ್ನರ್ ತಮ್ಮ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ.

ಇನ್ನು ಮುಖ್ಯ ಸಂಗತಿ. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ ತಮ್ಮ ಕೊನೆಯ ನಾಲ್ಕು ಗೀತೆಗಳನ್ನು ವಾದ್ಯಮೇಳಕ್ಕೆಂದು ರಚಿಸಿ, 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವುಗಳ ಮೊದಲ ಪ್ರದರ್ಶನ 22 ಮೇ 1950ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ನುಡಿಸಿದ್ದು ಫಿಲ್‌ಹಾರ್ಮೋನಿಯಾ, ನಿರ್ದೇಶಿಸಿದ್ದು ಜರ್ಮನಿಯ ವಿಲ್ಹೆಲ್ಮ್ ಫರ್ಟ್‌ವೆಂಗ್ಲರ್, ಹಾಡಿದ್ದು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. 4,800 ಡಾಲರುಗಳ ಖಾತರಿ ನೀಡಿದವರು ಆಗ ಮೈಸೂರಿನ ರಾಜಪ್ರಮುಖರಾಗಿದ್ದ ಒಡೆಯರು.

ಈ ಹೆಸರುಗಳನ್ನು ಸುಮ್ಮನೆ ಓದಿ ಮುಂದೆ ಹೋಗುವಂತಿಲ್ಲ. ಜರ್ಮನ್ ಬಾಂಬುಗಳಿಗೆ ಸಿಕ್ಕ ಲಂಡನ್ನಿನಲ್ಲಿ ಯುದ್ಧ ಮುಗಿದು ಐದು ವರ್ಷವಷ್ಟೇ ಆಗಿತ್ತು; ಸಕ್ಕರೆ, ಮಾಂಸ ಇನ್ನೂ ರೇಷನ್ನಿನಲ್ಲೇ ಸಿಗುತ್ತಿದ್ದವು. ಸ್ಟ್ರಾಸ್ 1933ರಿಂದ 1935ರವರೆಗೆ ನಾಜಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದವರು. ಫರ್ಟ್‌ವೆಂಗ್ಲರ್ ನಾಜಿ ಪಕ್ಷ ಸೇರಲಿಲ್ಲ, ಆದರೆ ಜರ್ಮನಿ ಬಿಟ್ಟು ಹೋಗಲೂ ಇಲ್ಲ. ವಿಚಾರಣೆಯಲ್ಲಿ ದೋಷಮುಕ್ತರಾದರೂ 1949ರಲ್ಲಿ ಅಮೆರಿಕದ ಕಲಾವಿದರ ವಿರೋಧದಿಂದ ಷಿಕಾಗೊ ಮೇಳದ ಆಹ್ವಾನ ಅವರ ಕೈತಪ್ಪಿತು. ಫ್ಲಾಗ್‌ಸ್ಟಾಡ್ ಅವರ ಪತಿಯ ಮೇಲೆ ಶತ್ರುಗಳೊಡನೆ ವ್ಯಾಪಾರ ಮಾಡಿದ ಆರೋಪವಿತ್ತು. ಅಮೆರಿಕದಲ್ಲಿ ಅವರ ಕಛೇರಿಗಳ ಹೊರಗೆ ಪ್ರತಿಭಟನೆಗಳಾದವು. ಪ್ರತಿಭಟಿಸಿದವರು ಹೊಟ್ಟೆಕಿಚ್ಚಿನ ಜನರಲ್ಲ. ಅವರಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿದ್ದರು. ಸಂಗೀತ ಎಲ್ಲರನ್ನೂ ಒಂದುಗೂಡಿಸುತ್ತದೆ ಎಂದು ಹೇಳುವಾಗ ಅವರ ನೋವನ್ನು ಮರೆಯುವುದು ಸರಿಯಲ್ಲವೆಂದು ನಮ್ಮ ಅನಿಸಿಕೆ.

ಲಂಡನ್ ಕಛೇರಿಯ ಹಿಂದೆ ಯಾವ ಸರ್ಕಾರದ ಯೋಜನೆಯೂ ಇರಲಿಲ್ಲ, ಒಬ್ಬ ಸಂಗೀತಪ್ರೇಮಿಯ ಆಸೆಯಿತ್ತು. ಸರ್ಕಾರಗಳು ಇದೇ ಕೆಲಸಕ್ಕೆ ಇಳಿದದ್ದು ನಂತರ. 1956ರಲ್ಲಿ ಬಾಸ್ಟನ್ ಮೇಳ ಸೋವಿಯತ್ ಒಕ್ಕೂಟಕ್ಕೆ, 1973ರಲ್ಲಿ ಫಿಲಡೆಲ್ಫಿಯಾ ಮೇಳ ಚೀನಾಕ್ಕೆ ಹೋದವು. 26 ಫೆಬ್ರುವರಿ 2008ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಉತ್ತರ ಕೊರಿಯಾದ ಪ್ಯೋಂಗ್ಯಾಂಗ್‌ನಲ್ಲಿ ಎರಡೂ ದೇಶಗಳ ರಾಷ್ಟ್ರಗೀತೆ ನುಡಿಸಿತು. ಕೊನೆಯಲ್ಲಿ ಕೊರಿಯಾದ ಜನಪದ ಗೀತೆ ಅರಿರಾಂಗ್ ನುಡಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ಉತ್ತರ ಕೊರಿಯಾ ಅಣುಬಾಂಬ್ ಪರೀಕ್ಷೆ ನಡೆಸಿತು.

1999ರಲ್ಲಿ ಡೇನಿಯಲ್ ಬಾರೆನ್‌ಬೊಯಿಮ್ ಮತ್ತು ಎಡ್ವರ್ಡ್ ಸಯೀದ್ ಇಸ್ರೇಲ್ ಹಾಗೂ ಅರಬ್ ದೇಶಗಳ ಯುವಕ ಯುವತಿಯರನ್ನು ಸೇರಿಸಿ ಕಟ್ಟಿದ ವೆಸ್ಟ್-ಈಸ್ಟರ್ನ್ ದಿವಾನ್ ಮೇಳದ ದಾರಿ ಬೇರೆ. ಇಲ್ಲಿ ಒಂದು ದೇಶದವರು ನುಡಿಸಿ ಇನ್ನೊಂದು ದೇಶದವರು ಕೇಳುವುದಲ್ಲ. ಎರಡೂ ಕಡೆಯವರು ಒಂದೇ ಸ್ವರಪುಟ ನೋಡಿ ಜೊತೆಗೆ ನುಡಿಸಬೇಕು. 2005ರಲ್ಲಿ ಈ ಮೇಳ ಪ್ಯಾಲೆಸ್ತೀನಿನ ರಮಲ್ಲಾದಲ್ಲಿ ಕಛೇರಿ ನೀಡಿತು. ಇದರಿಂದ ಶಾಂತಿ ಬರುತ್ತದೆಂದು ಬಾರೆನ್‌ಬೊಯಿಮ್ ಅವರೇ ಹೇಳಿಕೊಂಡಿಲ್ಲ. ನಮ್ಮ ದೇಶದಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಜುಬಿನ್ ಮೆಹ್ತಾ ಶ್ರೀನಗರದ ಶಾಲಿಮಾರ್ ಉದ್ಯಾನದಲ್ಲಿ ಜರ್ಮನ್ ಮೇಳದೊಡನೆ ಕಛೇರಿ ನಡೆಸಿದಾಗ ಪ್ರವೇಶವಿದ್ದದ್ದು ಆಹ್ವಾನಿತರಿಗೆ ಮಾತ್ರ. ಅದನ್ನು ವಿರೋಧಿಸಿದವರು ನಗರದಲ್ಲಿ ತಮ್ಮದೇ ಬೇರೆ ಕಛೇರಿ ಏರ್ಪಡಿಸಿದರು. ಯಾರ ಸಲುವಾಗಿ ಕಛೇರಿಯೋ ಅವರೇ ಬೇಲಿಯ ಹೊರಗೆ ಉಳಿದರೆ ಏನು ಫಲ?

1950ರ ಆ ಸಂಜೆ ಒಡೆಯರು ಲಂಡನ್ನಿನಲ್ಲಿರಲಿಲ್ಲ. ಗೀತೆಗಳು ಅವರ ಸಂಗ್ರಹಕ್ಕೆ ಸೇರಲೆಂದು ಅಲ್ಲೇ ಧ್ವನಿಮುದ್ರಿಸಲಾಯಿತು. ಆ ಮುದ್ರಣ ಈಗಲೂ ಸಿಗುತ್ತದೆ. ಸವೆದು ಹೋಗಿದೆ, ಕರಕರ ಸದ್ದು ಬಹಳ. ಆದರೂ ಫ್ಲಾಗ್‌ಸ್ಟಾಡ್ ಅವರ ಕಂಠವನ್ನು ಗುರುತಿಸಬಹುದು.