ಹುಣಸೆಯ ಲೆಕ್ಕ, ಹೆಜ್ಜಾರ್ಲೆಯ ಪಾಲು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ನೋಡಲು ದುರ್ಬೀನು ಬೇಕಿಲ್ಲ. ಹಿತ್ತಲ ಹುಣಸೆಯಲ್ಲಿ, ಬೀದಿಬದಿಯ ಅರಳಿಯಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ದನ ಮೆಲುಕು ಹಾಕುತ್ತಿರುತ್ತವೆ.

ಊರು ಮೊದಲು ಶಿಂಷಾ ನದಿಯ ಹತ್ತಿರವಿತ್ತಂತೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ಲೇಗಿಗೆ ಹೆದರಿ ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಬೆನ್ನಿಗೇ ಬಂದವು ಎನ್ನುವುದು ಹಿರಿಯರ ಮಾತು. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಊರಿನವರು ಅವನ್ನು ಕಂಡಿದ್ದಾರೆ. ಈ ಮಾತು ಪ್ರವಾಸಿ ಬರಹಗಳಲ್ಲಿ ಸವೆದುಹೋಗಿದೆ. ಪ್ರೀತಿಯ ಜೊತೆಗೆ ಒಂದು ಲೆಕ್ಕಾಚಾರವೂ ಇತ್ತೆಂಬುದು ಮಾತ್ರ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಅದು ಗೊಬ್ಬರದ ಲೆಕ್ಕ. ಮರದ ಬುಡದ ಸುತ್ತ ಗುಂಡಿ ತೋಡಿ, ಕೆರೆಗೋಡು ಹರಡಿ, ಮೇಲಿಂದ ಬೀಳುವ ಹಿಕ್ಕೆ ಅದರಲ್ಲಿ ಬೆರೆಯಲು ಬಿಡುತ್ತಿದ್ದರು. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಧಾರಾಳ. ಗದ್ದೆಗೆ ಇನ್ನೇನು ಬೇಕು? ಚೀಲದ ಗೊಬ್ಬರ ಬಂದ ಮೇಲೆ ಅದರ ಬೆಲೆ ಇಳಿಯಿತು, ಹುಣಸೆಯ ನಷ್ಟ ಎದ್ದು ಕಂಡಿತು. ಹಣ್ಣು ಬಲಿಯುವ ಕಾಲಕ್ಕೇ ಹಕ್ಕಿಗಳ ಸಂಸಾರ. ಗೂಡು ತುಂಬಿದ ಮರದಿಂದ ಫಸಲು ಸಿಗದು, ಕಡಿದು ಮಾರಿದರೆ ಇಡಿಗಂಟು ಕೈಗೆ ಬರುತ್ತದೆ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಗೂಡುಮರಗಳನ್ನು ಉಳಿಸಿಕೊಂಡವರಿಗೆ ಹುಣಸೆಯ ನಷ್ಟಕ್ಕಾಗಿ ಇಲಾಖೆ ಪರಿಹಾರ ಕೊಡತೊಡಗಿತು. ಬೇಲಿ ಹಾಕಿ ಊರನ್ನು ಹೊರಗಿಡುವುದಕ್ಕಿಂತ ಇದು ಎಷ್ಟೋ ಜಾಣ ದಾರಿ. 1990ರ ದಶಕದಲ್ಲಿ ಊರಿನ ಯುವಕರು ಮೈಸೂರಿನ ಪಕ್ಷಿಪ್ರಿಯರ ಒಡನಾಟದಲ್ಲಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗೆ ತಾಯಿ ಕೆಳಗಿಳಿದು ಗುಟುಕು ಕೊಡುವುದಿಲ್ಲ. ಬಳಗದವರು ಅಂಥ ಮರಿಗಳನ್ನು ಆವರಣದೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಟ್ಟರು.

ಖಾಸಗಿ ನೆಲವನ್ನೂ ‘ಸಮುದಾಯ ಮೀಸಲು’ ಎಂದು ಘೋಷಿಸಲು ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ದಾರಿ ಮಾಡಿತು. 2007ರಲ್ಲಿ ಬೆಳ್ಳೂರಿಗೆ ಆ ಮಾನ್ಯತೆ ಸಿಕ್ಕಿತು. ಬೆಂಗಳೂರು–ಮೈಸೂರು ಹೆದ್ದಾರಿ ಹತ್ತಿರವೇ ಇರುವುದರಿಂದ ಕ್ಯಾಮೆರಾ ಹೊತ್ತವರು ಬೆಳಿಗ್ಗೆ ಬಂದು ಊಟದ ಹೊತ್ತಿಗೆ ಹಿಂದಿರುಗಬಹುದು. ಹಾಗೆ ಬಂದು ಹೋಗುವವರಿಂದ ಮರದ ಒಡೆಯನಿಗೆ ಏನು ದಕ್ಕೀತು? ಊರಿನಲ್ಲೇ ಉಂಡು, ಉಳಿದು ಹೋಗುವಂಥ ಪ್ರವಾಸವಾದರೆ ಮಾತು ಬೇರೆ.

ಹಕ್ಕಿಗಳ ಮೇವು ಮಾತ್ರ ಊರಿನ ಗಡಿಯಾಚೆ, ಶಿಂಷಾದಲ್ಲಿ ಮತ್ತು ಸುತ್ತಲಿನ ಕೆರೆಗಳಲ್ಲಿ. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದಾಗ ಅವುಗಳ ಹೊಟ್ಟೆಯಲ್ಲಿ ಕಂಡದ್ದು ಮೀನಿನ ಮೂಲಕ ಒಳಸೇರುವ ಪರಾವಲಂಬಿ ಹುಳುಗಳು. ಆ ಕೆರೆಗಳ ಮೀನಿನ ಗುತ್ತಿಗೆಯಾಗಲಿ, ನೀರು ಬಿಡುವ ತೀರ್ಮಾನವಾಗಲಿ ಬೆಳ್ಳೂರಿನವರ ಕೈಯಲ್ಲಿಲ್ಲ.